ಶಾಲೆ ಬದಲಾಯಿಸಿದರೆ ಮಗ ಬಚಾವಾಗುತ್ತಾನಾ?

ಪ್ರಶ್ನೆ: ನಮ್ಮ ಮಗನಿಗೆ 14 ವರ್ಷ. ಹೋದ ತಿಂಗಳು ಅವನ ಶಾಲೆಯ ಟಾಯ್ಲೆಟ್‌ನಲ್ಲಿ ಇಬ್ಬರು ಹುಡುಗರು ವೇಪ್ (ಇ-ಸಿಗರೇಟು) ಸೇದುತ್ತಾ ಸಿಕ್ಕಿಬಿದ್ದರು. ದೊಡ್ಡ ಕ್ಲಾಸಿನವರು ಟ್ರಿಪ್‌ಗೆ ಹೋದಾಗ ನೀರಿನ ಬಾಟಲಿಯಲ್ಲಿ ಮದ್ಯ ಒಯ್ದಿದ್ದರಂತೆ. ಮಗ ತಾನು ಏನೂ ಮುಟ್ಟಿಲ್ಲ ಅನ್ನುತ್ತಾನೆ. ನಂಬುತ್ತೇನೆ. ನನ್ನ ಗಂಡನಿಗೆ ಮಾತ್ರ ಶಾಲೆ ಬದಲಾಯಿಸಲೇಬೇಕು ಅನ್ನೋ ಹಟ. ದಿನಾ ಬ್ಯಾಗ್ ಚೆಕ್ ಮಾಡುವ, ಎಲ್ಲ ಕಡೆ ಕ್ಯಾಮೆರಾ ಇರುವ, ಸಿಕ್ಕಿಬಿದ್ದವರನ್ನು ಅವತ್ತೇ ಹೊರಗೆ ಹಾಕುವ ಶಾಲೆಯೊಂದನ್ನು ನೋಡಿಟ್ಟಿದ್ದಾರೆ. ಶಾಲೆ ಯಾವುದಾದರೇನು, ಎಲ್ಲಾ ಮನೆಯಲ್ಲಿ ಕಲಿಸಿದ್ದರ ಮೇಲೆ ನಿಂತಿದೆ ಅನ್ನೋದು ನನ್ನ ಲೆಕ್ಕ. ಯಾರು ಸರಿ?

ಉತ್ತರ: ಇಬ್ಬರಿಗೂ ಅರ್ಧರ್ಧ ಮಾರ್ಕ್ಸ್ ಕೊಡುತ್ತೇನೆ. ಶಾಲೆಯಿಂದ ವ್ಯತ್ಯಾಸ ಆಗುತ್ತದೆ ಅನ್ನೋದು ನಿಮ್ಮ ಯಜಮಾನರು ಹೇಳಿದಷ್ಟೇ ನಿಜ. ಆದರೆ ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅನ್ನೋದರಲ್ಲಿ ಅವರು ಎಡವಿದ್ದಾರೆ. ಕ್ಯಾಮೆರಾ ಎಷ್ಟಿದೆ ಅಂತ ಎಣಿಸುತ್ತಿದ್ದಾರೆ. ನಾನಾದರೆ ಶಾಲೆಯ ಕಾರಿಡಾರಿನಲ್ಲಿ ಹತ್ತು ನಿಮಿಷ ಸುಮ್ನೆ ನಿಂತು, ಮಕ್ಕಳನ್ನು ಹೆಸರು ಹಿಡಿದು ಕರೆಯುವ ಮೇಷ್ಟ್ರು ಎಷ್ಟು ಜನ ಇದ್ದಾರೆ ಅಂತ ಎಣಿಸುತ್ತೇನೆ.

ಇದನ್ನು ಸುಮ್ನೆ ಸಿಹಿಮಾತು ಅಂದುಕೊಳ್ಳಬೇಡಿ. ಹದಿಹರೆಯದವರ ಜತೆ ಕೂತು ಮಾತಾಡುವುದೇ ನನ್ನ ಕೆಲಸ. ಹಲವು ವರ್ಷಗಳಿಂದ ಬೇರೆ ಬೇರೆ ಶಾಲೆಗಳ ಕೌನ್ಸೆಲಿಂಗ್ ಕೋಣೆಯಲ್ಲಿ ಕೂತಿದ್ದೇನೆ. ಶಿಸ್ತಿಗೆ ಹೆಸರಾದ ಶಾಲೆಗಳಿಂದಲೂ ಮಕ್ಕಳು ಬಂದಿದ್ದಾರೆ, ಸಡಿಲ ಶಾಲೆಗಳಿಂದಲೂ ಬಂದಿದ್ದಾರೆ. ವೇಪ್, ಸಿಗರೇಟು, ಮದ್ಯ ಸುಳಿಯದೇ ಇರುವ ಶಾಲೆಯನ್ನು ನಾನಂತೂ ಕಂಡಿಲ್ಲ. ‘ನಮ್ಮಲ್ಲಿ ಆ ಸಮಸ್ಯೆಯೇ ಇಲ್ಲ’ ಅಂತ ಯಾವುದಾದರೂ ಪ್ರಿನ್ಸಿಪಾಲ್ ಎದೆ ತಟ್ಟಿ ಹೇಳಿದರೆ ನನಗೆ ಜಾಸ್ತಿ ಭಯ ಆಗುತ್ತದೆ.

ಮೊದಲು ಗಟ್ಟಿಯಾಗಿ ಗೊತ್ತಿರುವುದನ್ನು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1990ರ ದಶಕದ ಮಧ್ಯದಲ್ಲಿ ಏಳರಿಂದ ಹನ್ನೆರಡನೇ ತರಗತಿಯ ಮಕ್ಕಳ ಬಗ್ಗೆ ‘ಆಡ್ ಹೆಲ್ತ್’ ಅನ್ನೋ ಬಹಳ ದೊಡ್ಡ ಅಧ್ಯಯನ ಶುರುವಾಯಿತು. ಅದರ ಆಧಾರದ ಮೇಲೆ 1997ರಲ್ಲಿ ಒಂದು ವರದಿ ಬಂತು. ಸಿಗರೇಟು, ಮದ್ಯ, ಗಾಂಜಾ, ಹಿಂಸೆ, ಆತ್ಮಹತ್ಯೆಯ ಯೋಚನೆ, ಹೀಗೆ ಮಕ್ಕಳನ್ನು ಕಾಡುವ ನಾನಾ ವಿಷಯಗಳನ್ನು ಅದರಲ್ಲಿ ನೋಡಿದ್ದರು. ಬಹುತೇಕ ಎಲ್ಲದರಲ್ಲೂ ಮಕ್ಕಳಿಗೆ ರಕ್ಷಣೆಯಾಗಿ ನಿಂತಿದ್ದು ಎರಡು ಸಂಗತಿ. ಒಂದು, ಮನೆಯವರ ಜತೆಗಿನ ನಂಟು. ಇನ್ನೊಂದು, ಶಾಲೆಯ ಜತೆಗಿನ ನಂಟು. ನೋಡಿ, ನಿಮ್ಮ ಲೆಕ್ಕಕ್ಕೂ ಮಾರ್ಕ್ಸ್ ಬಂತು.

ಈ ‘ಶಾಲೆಯ ಜತೆಗಿನ ನಂಟು’ ಅಂದರೇನು? ದೊಡ್ಡ ಸಿದ್ಧಾಂತ ಏನಿಲ್ಲ. ಇಲ್ಲಿ ನನ್ನನ್ನು ಸರಿಯಾಗಿ ನಡೆಸಿಕೊಳ್ಳುತ್ತಾರಾ? ನಾನು ಇಲ್ಲಿಯವನು ಅನ್ನಿಸುತ್ತದಾ? ಮೇಷ್ಟ್ರಿಗೆ ನಾನು ಯಾರು ಅಂತ ಗೊತ್ತಾ? ಇಷ್ಟೇ. ಇದರಲ್ಲಿ ಮಾರ್ಕ್ಸಿನ ಪ್ರಶ್ನೆ ಇಲ್ಲ, ಕಟ್ಟಡದ ಪ್ರಶ್ನೆ ಇಲ್ಲ, ಫೀಸಿನ ಪ್ರಶ್ನೆಯಂತೂ ಇಲ್ಲವೇ ಇಲ್ಲ.

ನೀವು ಜಾಣರು, ಒಂದು ತಕರಾರು ತೆಗೆಯಬಹುದು. ಕುಡಿಯುವ ಹುಡುಗನಿಗೆ ಶಾಲೆ ಮೇಲೆ ಪ್ರೀತಿ ಕಮ್ಮಿ ಇರುವುದು ಸಹಜ ಅಲ್ವಾ, ಅದನ್ನು ತಿರುಗಿಸಿ ಓದಿದ್ದೀರಿ ಅಂತ. ಸರಿಯಾದ ತಕರಾರೇ. ಅದಕ್ಕೇ ಆಮೇಲೆ ಬಂದ ಪ್ರಯೋಗಗಳನ್ನು ನೋಡಬೇಕು.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1997ರಲ್ಲಿ ‘ಗೇಟ್‌ಹೌಸ್’ ಅನ್ನೋ ಯೋಜನೆ ಶುರುವಾಯಿತು. ಅಲ್ಲಿ 26 ಶಾಲೆಗಳನ್ನು ಲಾಟರಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ಶಾಲೆಗಳಲ್ಲಿ ಎಂಟನೇ ತರಗತಿಯ ಮಕ್ಕಳನ್ನೇ ಕೇಳಿದರು: ನಿಮಗೆ ಎಲ್ಲಿ ಭಯ ಆಗುತ್ತದೆ, ಯಾರ ಜತೆ ಮಾತಾಡುತ್ತೀರಿ, ನಿಮ್ಮ ಮಾತಿಗೆ ಇಲ್ಲಿ ಬೆಲೆ ಇದೆಯಾ? ಬಂದ ಉತ್ತರ ಹಿಡಿದುಕೊಂಡು ಶಾಲೆಯ ಒಳಗೇ ಒಂದು ತಂಡ ಕಟ್ಟಿ ಬೇಕಾದ್ದನ್ನು ಬದಲಿಸುತ್ತಾ ಹೋದರು. ಗಮನಿಸಿ, ಅದು ‘ಡ್ರಗ್ಸ್ ಕೆಟ್ಟದ್ದು’ ಅಂತ ಪಾಠ ಮಾಡುವ ಯೋಜನೆ ಆಗಿರಲಿಲ್ಲ. ಮಕ್ಕಳ ಖಿನ್ನತೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಸಿಗರೇಟು ಮತ್ತು ಮದ್ಯದ ಬಳಕೆ ಸ್ವಲ್ಪ ತಗ್ಗಿತು. ನಾಲ್ಕು ವರ್ಷ ಬಿಟ್ಟು, ಆಗ ಎಂಟನೇ ತರಗತಿಯಲ್ಲಿದ್ದ ಹೊಸ ಮಕ್ಕಳನ್ನು ನೋಡಿದರು. ಈ ಥರದ ಅಪಾಯದ ನಡವಳಿಕೆಗಳಲ್ಲಿ ಜೋರಾಗಿ ಸಿಕ್ಕಿಕೊಂಡವರು ಉಳಿದ ಶಾಲೆಗಳಲ್ಲಿ ನೂರಕ್ಕೆ 20 ಜನ ಇದ್ದರೆ, ಈ ಶಾಲೆಗಳಲ್ಲಿ 15. ಐದೇ ಜನ ತಾನೇ ಅನ್ನಬೇಡಿ. ಆ ಐದರಲ್ಲಿ ಒಬ್ಬ ನಮ್ಮ ಮನೆಯವನಾಗಿದ್ದರೆ?

ಇಂಗ್ಲೆಂಡಿನಲ್ಲೂ 40 ಶಾಲೆಗಳಲ್ಲಿ ಇಂಥದ್ದೇ ಒಂದು ಪ್ರಯೋಗ ನಡೆಯಿತು. ಅದರ ಫಲಿತಾಂಶ 2018ರಲ್ಲಿ ಬಂತು. ಅವರ ಮುಖ್ಯ ಗುರಿ ಇದ್ದದ್ದು ಮಕ್ಕಳು ಒಬ್ಬರನ್ನೊಬ್ಬರು ಪೀಡಿಸುವುದನ್ನು ಕಮ್ಮಿ ಮಾಡುವುದು. ಮೇಷ್ಟ್ರು ಮತ್ತು ಮಕ್ಕಳು ಒಟ್ಟಿಗೆ ಕೂತ ಸಮಿತಿ, ಜಗಳ ಆದಾಗ ಶಿಕ್ಷೆಗಿಂತ ಮೊದಲು ಇಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡಿಸುವ ಪದ್ಧತಿ. ಪೀಡಿಸುವುದು ಸ್ವಲ್ಪ ಕಮ್ಮಿ ಆಯಿತು. ಅದರ ಜತೆಗೆ ಸಿಗರೇಟು, ಮದ್ಯ, ಡ್ರಗ್ಸ್ ಮೂರೂ ಇಳಿದವು. ಬೇಲಿ ಕಟ್ಟಿದ್ದು ಒಂದು ಬೆಳೆಗೆ, ಉಳಿದದ್ದು ಪಕ್ಕದ ಬೆಳೆಯೂ.

ಯಾಕೆ ಹೀಗೆ? ಇಲ್ಲಿ ಗೆಳೆಯರ ವಿಷಯ ಬರುತ್ತದೆ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಎಲ್ಲ ಅಪ್ಪ-ಅಮ್ಮಂದಿರಿಗೂ ನಾನು ತಪ್ಪದೆ ಹೇಳುತ್ತೇನೆ. ಕಂಪ್ಯೂಟರ್‌ನಲ್ಲಿ ಕಾರು ಓಡಿಸುವ ಆಟ. ಹಳದಿ ದೀಪ ಬಂದಾಗ ನಿಲ್ಲಿಸಬೇಕಾ, ನುಗ್ಗಿಸಬೇಕಾ? ಒಬ್ಬರೇ ಆಡುವಾಗ 13ರಿಂದ 16ರ ಮಕ್ಕಳು ದೊಡ್ಡವರಿಗಿಂತ ಅಷ್ಟೇನೂ ಜಾಸ್ತಿ ನುಗ್ಗಲಿಲ್ಲ. ಇಬ್ಬರು ಗೆಳೆಯರನ್ನು ಪಕ್ಕದಲ್ಲಿ ನಿಲ್ಲಿಸಿದ್ದೇ ತಡ, ನುಗ್ಗಲು ಶುರು ಮಾಡಿದರು. 24 ದಾಟಿದವರಿಗೆ ಪಕ್ಕದಲ್ಲಿ ಯಾರಿದ್ದರೂ ಒಂದೇ. ನಿಮ್ಮ ಮಗನಿಗೆ ಬುದ್ಧಿ ಇಲ್ಲ ಅಂತಲ್ಲ. ಮನೆಯಲ್ಲಿ ಸೋಫಾ ಮೇಲೆ ಕೂತು ‘ನಾನು ಮುಟ್ಟಲ್ಲ ಅಮ್ಮ’ ಅನ್ನುವಾಗ ಅವನು ಹೇಳುವುದು ಅಪ್ಪಟ ನಿಜವೇ. ಟಾಯ್ಲೆಟ್ಟಿನಲ್ಲಿ ಮೂವರು ನೋಡುತ್ತಾ ನಿಂತಾಗ ಲೆಕ್ಕ ಬೇರೆ ಆಗುತ್ತದೆ.

ಹಾಗಂತ ‘ಕೆಟ್ಟ ಸಹವಾಸ’ದ ಮೇಲೆ ಎಲ್ಲವನ್ನೂ ಹೇರಬೇಡಿ. ಸಹವಾಸ ಮಕ್ಕಳನ್ನು ಬದಲಿಸುತ್ತದೆ, ನಿಜ. ಆದರೆ ಮಕ್ಕಳು ಸಹವಾಸವನ್ನು ಹುಡುಕಿಕೊಂಡೂ ಹೋಗುತ್ತಾರೆ. ಯಾರು ಹುಡುಕಿಕೊಂಡು ಹೋಗುತ್ತಾರೆ ಅನ್ನೋದೇ ಪ್ರಶ್ನೆ.

ನನ್ನ ಹತ್ತಿರ ಬಂದ ಒಬ್ಬ ಹುಡುಗನ ಮಾತು ಹೇಳುತ್ತೇನೆ. ಯಾರು, ಎಲ್ಲಿ ಅನ್ನೋದು ಬೇಡ. ಓದಿನಲ್ಲಿ ಹಿಂದೆ. ಆಟದ ಟೀಮಿಗೆ ತಗೊಂಡಿರಲಿಲ್ಲ. ನಾಟಕಕ್ಕೆ ಹೆಸರು ಕೊಟ್ಟಿದ್ದ, ಮಾತು ತೊದಲುತ್ತದೆ ಅಂತ ಬಿಟ್ಟರು. ಯಾಕಪ್ಪಾ ಆ ಗುಂಪಿಗೆ ಸೇರಿದೆ ಅಂದರೆ ಅವನು ಹೇಳಿದ್ದು: ‘ಮೇಡಂ, ಅಲ್ಲಿ ಸೇರ್ಕೊಳ್ಳೋಕೆ ಏನೂ ಬರಬೇಕಾಗಿಲ್ಲ. ಒಂದು ದಮ್ಮು ಎಳೆದರೆ ಸಾಕು.’

ಎಷ್ಟು ಸಲ ಯೋಚಿಸಿದರೂ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಶಾಲೆಯಲ್ಲಿ ಹತ್ತು ಬಾಗಿಲಿದ್ದವು. ಎಲ್ಲಕ್ಕೂ ಒಂದೊಂದು ಪರೀಕ್ಷೆ. ಪರೀಕ್ಷೆ ಇಲ್ಲದ ಬಾಗಿಲು ಒಂದೇ ಇತ್ತು, ಅವನು ಅದರೊಳಗೆ ಹೋದ. ಟಾಪರ್‌ಗಳ ಫೋಟೋ ಮಾತ್ರ ಗೋಡೆಗೆ ಹಾಕುವ ಶಾಲೆಯಲ್ಲಿ ಉಳಿದವರು ಎಲ್ಲಿ ಕಾಣಿಸಿಕೊಳ್ಳಬೇಕು?

ಇನ್ನೊಂದು ಸಂಗತಿ ಇದೆ, ಅದನ್ನು ಶಾಲೆಗಳು ತಿಳಿಯದೆಯೇ ಕೆಡಿಸುತ್ತವೆ. ಮಕ್ಕಳು ತಮ್ಮ ಓರಗೆಯವರ ಬಗ್ಗೆ ತಪ್ಪು ಲೆಕ್ಕ ಹಾಕಿಕೊಂಡಿರುತ್ತಾರೆ. ‘ಎಲ್ಲರೂ ಕುಡೀತಾರೆ, ನಾನೊಬ್ಬನೇ ಪೆದ್ದ’ ಅನ್ನೋ ಭಾವನೆ. ಪರ್ಕಿನ್ಸ್ ಮತ್ತು ಬರ್ಕೊವಿಟ್ಸ್ ಅನ್ನೋ ಇಬ್ಬರು ಅಮೆರಿಕದ ಕಾಲೇಜು ಹುಡುಗರಲ್ಲಿ ಇದನ್ನು 1986ರಲ್ಲೇ ತೋರಿಸಿದ್ದರು. ನಾನು ಕ್ಲಾಸಿನಲ್ಲಿ ಇದನ್ನೇ ಚೀಟಿ ಆಟ ಮಾಡಿಸುತ್ತೇನೆ. ಹೆಸರಿಲ್ಲದ ಚೀಟಿ. ಒಂದು ಬದಿಯಲ್ಲಿ, ಕಳೆದ ತಿಂಗಳು ನೀನು ಕುಡಿದಿದ್ದೀಯಾ, ಸೇದಿದ್ದೀಯಾ? ಇನ್ನೊಂದು ಬದಿಯಲ್ಲಿ, ಈ ಕ್ಲಾಸಿನಲ್ಲಿ ಎಷ್ಟು ಜನ ‘ಹೌದು’ ಅಂತ ಬರೆಯುತ್ತಾರೆ, ಊಹಿಸು. ಒಂದು ಸಲ ಬಹಳಷ್ಟು ಮಕ್ಕಳು ‘ಅರ್ಧ ಕ್ಲಾಸು’ ಅಂತ ಬರೆದಿದ್ದರು. ‘ಹೌದು’ ಇದ್ದ ಚೀಟಿಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಬೋರ್ಡಿನ ಮೇಲೆ ಎರಡೂ ಲೆಕ್ಕ ಬರೆದಾಗ ಕ್ಲಾಸು ಒಂದು ಕ್ಷಣ ತಣ್ಣಗಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ಅಯ್ಯೋ, ಇಷ್ಟೇನಾ?’ ಅಂದುಬಿಟ್ಟಳು. ಒಂದು ಎಚ್ಚರ. ನಿಜಕ್ಕೂ ಜಾಸ್ತಿ ಜನ ಕುಡಿಯುವ ಕಡೆ ಈ ಆಟ ತಿರುಗುಬಾಣ ಆಗುತ್ತದೆ. ಅದಕ್ಕೇ ಚೀಟಿಗಳನ್ನು ನಾನು ಮೊದಲು ಒಬ್ಬಳೇ ಎಣಿಸುತ್ತೇನೆ.

ಈಗ ಯೋಚಿಸಿ. ಇಬ್ಬರು ಸಿಕ್ಕಿಬಿದ್ದ ಮರುದಿನ ಪ್ರಿನ್ಸಿಪಾಲ್ ಇಡೀ ಶಾಲೆಯನ್ನು ಮೈದಾನದಲ್ಲಿ ನಿಲ್ಲಿಸಿ ‘ಈ ಶಾಲೆಯಲ್ಲಿ ಡ್ರಗ್ಸ್ ಹಾವಳಿ ಮಿತಿಮೀರಿದೆ’ ಅಂತ ಮೈಕಿನಲ್ಲಿ ಗುಡುಗಿದರೆ, ಸಾಲಿನಲ್ಲಿ ನಿಂತ ಸಾಧು ಹುಡುಗನ ತಲೆಗೆ ಏನು ಹೋಗುತ್ತದೆ? ಓಹೋ, ಎಲ್ಲರೂ ಮಾಡ್ತಿದ್ದಾರೆ ಅಂತ.

ಹೆದರಿಸುವ ಭಾಷಣಗಳ ಕಥೆಯೂ ಇಷ್ಟೇ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ಡೇರ್’ ಅನ್ನೋ ಕಾರ್ಯಕ್ರಮ ಶುರುವಾಯಿತು. ಸಮವಸ್ತ್ರದ ಪೊಲೀಸರು ಕ್ಲಾಸಿಗೆ ಬಂದು ಪಾಠ ಮಾಡುವುದು. ಅಮೆರಿಕದ ತುಂಬಾ ಹಬ್ಬಿತು, ಬೇರೆ ದೇಶಗಳಿಗೂ ಹೋಯಿತು. ಅಪ್ಪ-ಅಮ್ಮಂದಿರಿಗೆ ಬಹಳ ಇಷ್ಟ. 1990ರ ದಶಕದಲ್ಲಿ ಸಂಶೋಧಕರು ಅಳೆದು ನೋಡಿದಾಗ, ಆ ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಬಳಕೆಯಲ್ಲಿ ವ್ಯತ್ಯಾಸವೇ ಇಲ್ಲ ಅನ್ನಬಹುದು, ಅಷ್ಟು ಕಮ್ಮಿ. ಆಮೇಲೆ ಆ ಸಂಸ್ಥೆಯೇ ತನ್ನ ಪಾಠವನ್ನು ಬದಲಾಯಿಸಿತು. ಚಟ ಬಿಟ್ಟವರನ್ನು ಕರೆಸಿ ಅವರ ಕಥೆ ಹೇಳಿಸುವುದು, ಹಾಳಾದ ಶ್ವಾಸಕೋಶದ ಚಿತ್ರ ತೋರಿಸಿ ಬೆಚ್ಚಿಬೀಳಿಸುವುದು, ಇವುಗಳಿಂದ ಕೆಲಸ ಆಗುವುದಿಲ್ಲ ಅನ್ನೋದು ವಿಶ್ವಸಂಸ್ಥೆಯ ಮಾದಕವಸ್ತು ಕಚೇರಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ತಂದ ಮಾರ್ಗಸೂಚಿಯಲ್ಲೂ ಇದೆ. ಪಾಠ ಬೇಕು ಅನ್ನುವುದಾದರೆ, ‘ಬೇಡ ಕಣೋ’ ಅಂತ ಮುಖ ಕೆಡಿಸಿಕೊಳ್ಳದೆ ಹೇಳುವುದು ಹೇಗೆ ಅಂತ ಮಕ್ಕಳ ಕೈಯಲ್ಲೇ ಆಡಿಸಿ ಅಭ್ಯಾಸ ಮಾಡಿಸುವಂಥದ್ದು ಸ್ವಲ್ಪ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ.

ಈಗ ನಿಮ್ಮ ಯಜಮಾನರು ನೋಡಿಟ್ಟಿರುವ ಶಾಲೆ. ಬ್ಯಾಗ್ ಚೆಕ್ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ, ದೊಡ್ಡ ನಂಬಿಕೆಯೂ ಇಲ್ಲ. ವೇಪ್ ಒಂದು ಪೆನ್‌ಡ್ರೈವ್ ಗಾತ್ರ ಇರುತ್ತದೆ, ಸಾಕ್ಸ್‌ನಲ್ಲಿ ಅಡಗುತ್ತದೆ. ಮೂತ್ರ ಪರೀಕ್ಷೆ ಮಾಡಿಸುವ ಶಾಲೆಗಳೂ ಅಮೆರಿಕದಲ್ಲಿ ಇವೆ. 2003ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಸುಮಾರು 76,000 ಮಕ್ಕಳ ಮಾಹಿತಿ ನೋಡಿದಾಗ, ಪರೀಕ್ಷೆ ಇರುವ ಶಾಲೆಗೂ ಇಲ್ಲದ ಶಾಲೆಗೂ ಬಳಕೆಯಲ್ಲಿ ಫರಕು ಕಾಣಲಿಲ್ಲ.

ನನ್ನ ನಿಜವಾದ ತಕರಾರು ಇರುವುದು ‘ಅವತ್ತೇ ಹೊರಗೆ’ ಅನ್ನೋದರ ಬಗ್ಗೆ. ಅಮೆರಿಕದ ವಾಷಿಂಗ್ಟನ್ ರಾಜ್ಯ ಮತ್ತು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಶಾಲೆಗಳನ್ನು ಜತೆಗಿಟ್ಟು ನೋಡಿದ ಅಧ್ಯಯನವೊಂದು 2015ರಲ್ಲಿ ಬಂತು. ಡ್ರಗ್ಸ್ ಸಿಕ್ಕಿದರೆ ಸಸ್ಪೆಂಡ್ ಮಾಡುವ ಶಾಲೆಗಳಲ್ಲಿ ಮುಂದಿನ ವರ್ಷ ಮಕ್ಕಳು ಗಾಂಜಾ ಸೇದುವ ಸಾಧ್ಯತೆ 1.6 ಪಟ್ಟು ಜಾಸ್ತಿ ಇತ್ತು. ಸಸ್ಪೆಂಡ್ ಆದವರ ಲೆಕ್ಕ ಮಾತ್ರ ಅಲ್ಲ ಇದು, ಇಡೀ ಶಾಲೆಯ ಲೆಕ್ಕ. ಸಿಕ್ಕಿಬಿದ್ದವರನ್ನು ಕೌನ್ಸೆಲರ್ ಹತ್ತಿರ ಕಳಿಸುವ ಶಾಲೆಗಳಲ್ಲಿ ಆ ಸಾಧ್ಯತೆ ಹತ್ತಿರ ಹತ್ತಿರ ಅರ್ಧದಷ್ಟು ಕಮ್ಮಿ. ಕೌನ್ಸೆಲರ್ ಆಗಿ ನಾನು ಇದನ್ನು ಹೇಳಿದರೆ ನನ್ನ ಅಂಗಡಿಗೆ ನಾನೇ ಬೋರ್ಡು ಹಾಕಿಕೊಂಡ ಹಾಗೆ ಕಾಣುತ್ತದೆ, ಗೊತ್ತು.

ಯಾಕೆ ಹಾಗಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. 15ರ ಹುಡುಗ, ವೇಪ್ ಜತೆ ಸಿಕ್ಕಿಬಿದ್ದ, ಹತ್ತು ದಿನ ಸಸ್ಪೆಂಡ್. ಅಪ್ಪ-ಅಮ್ಮ ಬೆಳಗ್ಗೆ ಕೆಲಸಕ್ಕೆ ಹೋದರೆ ಸಂಜೆ ಬರುವುದು. ಹಗಲು ಹೊತ್ತಿನಲ್ಲಿ ಖಾಲಿ ಇರುವ ಹುಡುಗರು ಯಾರು? ಶಾಲೆ ಬಿಟ್ಟವರು. ಮೂರನೇ ದಿನಕ್ಕೆ ಅವರ ಪರಿಚಯ ಆಯಿತು. ಹೋಗುವಾಗ ವೇಪ್ ಮಾತ್ರ ಇತ್ತು, ವಾಪಸ್ ಬರುವಾಗ ಗಾಂಜಾ ಗೊತ್ತಾಗಿತ್ತು. ಬಂದ ದಿನ ಅವನ ಬೆಂಚು ಬದಲಾಗಿತ್ತು, ಕೊನೆಯ ಸಾಲು, ಒಬ್ಬನೇ. ಪಕ್ಕದಲ್ಲಿ ಕೂರುತ್ತಿದ್ದವನಿಗೆ ಅವನ ಮನೆಯವರು ಮಾತಾಡಬೇಡ ಅಂದಿದ್ದರು. ಅವನು ನನ್ನ ಮುಂದೆ ಕೂತು ಶರ್ಟಿನ ಗುಂಡಿ ತಿರುಗಿಸುತ್ತಾ ‘ಇನ್ನೇನು ಮೇಡಂ, ಎಲ್ಲರಿಗೂ ನಾನೀಗ ಆ ಹುಡುಗ ಅಲ್ವಾ’ ಅಂದ. ಅವನನ್ನು ಹಿಡಿದಿಟ್ಟುಕೊಂಡಿದ್ದ ಎಳೆಗಳನ್ನು ನಾವೇ ಒಂದೊಂದಾಗಿ ಕತ್ತರಿಸಿದ್ದೆವು. ನಾವು ಅಂತ ಯಾಕೆ ಹೇಳುತ್ತೇನೆ ಅಂದರೆ, ಆ ಸಸ್ಪೆನ್ಷನ್ ಕಾಗದ ಟೈಪಾಗುವಾಗ ನಾನೂ ಆ ಕೋಣೆಯಲ್ಲಿದ್ದೆ. ಬಾಯಿ ಬಿಡಲಿಲ್ಲ.

ಹಾಗಾದರೆ ನಿಯಮವೇ ಬೇಡವಾ? ಬೇಕು. ಸಡಿಲ ಬಿಟ್ಟ ಶಾಲೆಗಳಲ್ಲಿ ಇನ್ನೂ ಕೆಟ್ಟದ್ದನ್ನು ನೋಡಿದ್ದೇನೆ. ನಿಯಮ ಎಲ್ಲರಿಗೂ ಗೊತ್ತಿರಬೇಕು, ಎಲ್ಲರಿಗೂ ಒಂದೇ ಇರಬೇಕು. ದಾನಿಗಳ ಮಗ ಸಿಕ್ಕಿಬಿದ್ದರೆ ‘ಹುಡುಗಾಟ’, ಉಳಿದವರ ಮಗ ಸಿಕ್ಕಿಬಿದ್ದರೆ ‘ಅಪರಾಧ’ ಆದರೆ ಮಕ್ಕಳು ಆ ನಿಯಮವನ್ನು ಒಂದೇ ದಿನದಲ್ಲಿ ಓದಿಕೊಂಡುಬಿಡುತ್ತಾರೆ. ಮೇಷ್ಟ್ರು ಗೇಟಿನ ಹೊರಗೆ ನಿಂತು ಸಿಗರೇಟು ಸೇದುತ್ತಾ ಒಳಗೆ ಬಂದು ಪಾಠ ಮಾಡಿದರೂ ಅಷ್ಟೇ. ತಪ್ಪಿಗೆ ಬೆಲೆ ತೆರಬೇಕು, ಫೋನ್ ಹೋಗಲಿ, ಟ್ರಿಪ್ ಹೋಗಲಿ, ಸಂಜೆ ಉಳಿದು ಕೆಲಸ ಮಾಡಲಿ. ಶಾಲೆಯ ಒಳಗೇ ಇಟ್ಟುಕೊಂಡು ಇದೆಲ್ಲ ಮಾಡಬಹುದು. ಮಾರಾಟ ಮಾಡುವವನ ವಿಷಯ ಬೇರೆ, ಅದನ್ನು ಇದರ ಜತೆ ಬೆರೆಸಬೇಡಿ.

ಜಾಗದ ಬಗ್ಗೆಯೂ ಒಂದು ಮಾತು. ಪ್ರತಿ ಶಾಲೆಯಲ್ಲೂ ದೊಡ್ಡವರು ಕಾಲಿಡದ ಒಂದೆರಡು ಮೂಲೆ ಇರುತ್ತವೆ. ಟಾಯ್ಲೆಟ್, ಮೆಟ್ಟಿಲ ಕೆಳಗೆ, ಮೈದಾನದ ಆಚೆ ತುದಿ, ಬಸ್ಸಿನ ಕೊನೆಯ ಸೀಟು. ನಿಮ್ಮ ಮಗನ ಕೈಗೆ ಒಂದು ಹಾಳೆ ಕೊಟ್ಟು ಶಾಲೆಯ ನಕ್ಷೆ ಬರೆಸಿ, ನೀನು ಹೋಗಲು ಇಷ್ಟಪಡದ ಜಾಗಕ್ಕೆ ಗುರುತು ಹಾಕು ಅನ್ನಿ. ಐದು ನಿಮಿಷದ ಕೆಲಸ. ಟಾಯ್ಲೆಟ್ಟಿಗೆ ಗುರುತು ಹಾಕಿದರೆ ಅವನು ದಿನವಿಡೀ ನೀರು ಕುಡಿಯದೆ ಇರುತ್ತಾನಾ ಅಂತಲೂ ಕೇಳಿ. ಕೆಲವು ಮಕ್ಕಳು ಹಾಗೇ ಇರುತ್ತಾರೆ.

ಮನೆಯ ಪಾಲು ನಿಮಗೆ ಗೊತ್ತಿರುವುದೇ, ಜಾಸ್ತಿ ಎಳೆಯುವುದಿಲ್ಲ. ಐಸ್‌ಲ್ಯಾಂಡಿನಲ್ಲಿ 1998ರಲ್ಲಿ 15–16ರ ಮಕ್ಕಳಲ್ಲಿ ನೂರಕ್ಕೆ 42 ಜನ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಮತ್ತೇರಿಸಿಕೊಂಡಿದ್ದರು. 2016ಕ್ಕೆ ಅದು 5ಕ್ಕೆ ಇಳಿಯಿತು. ಅವರು ಶಾಲೆಯೊಂದನ್ನೇ ನೆಚ್ಚಿಕೊಳ್ಳಲಿಲ್ಲ. ಅಪ್ಪ-ಅಮ್ಮಂದಿರು ಮಕ್ಕಳ ಜತೆ ಕಳೆಯುವ ಹೊತ್ತು ಹೆಚ್ಚಿಸಿದರು, ಮಕ್ಕಳ ಗೆಳೆಯರ ಮನೆಯವರು ಒಬ್ಬರಿಗೊಬ್ಬರು ಪರಿಚಯ ಆದರು, ಸಂಜೆ ಹೊತ್ತಿಗೆ ಆಟ, ಸಂಗೀತ ಅಂತ ಮಾಡಲು ಕೆಲಸ ಕೊಟ್ಟರು, ರಾತ್ರಿ ತಡವಾಗಿ ಹೊರಗಿರಬಾರದು ಅಂತ ಗಡಿ ಹಾಕಿದರು. ನಿಮ್ಮ ಮಗನ ಮೂವರು ಹತ್ತಿರದ ಗೆಳೆಯರ ಅಮ್ಮಂದಿರ ಫೋನ್ ನಂಬರ್ ನಿಮ್ಮ ಹತ್ತಿರ ಇದೆಯಾ? ಇಲ್ಲದಿದ್ದರೆ ಅಲ್ಲಿಂದ ಶುರು ಮಾಡಿ.

ಕೊನೆಗೆ ಶಾಲೆ ಬದಲಾಯಿಸುವ ಮಾತು. ಬದಲಾಯಿಸುವುದಕ್ಕೂ ಒಂದು ಬೆಲೆ ಇದೆ. 14ರ ಹುಡುಗ ಹೊಸ ಶಾಲೆಗೆ ಹೋದ ದಿನ ಅವನಿಗೆ ಅಲ್ಲಿ ಯಾರೂ ಇಲ್ಲ. ಗಟ್ಟಿ ಗುಂಪುಗಳು ಆಗಲೇ ಆಗಿಹೋಗಿರುತ್ತವೆ. ಹೊಸಬನನ್ನು ಮೊದಲು ಮಾತಾಡಿಸುವುದು, ಸೇರಲು ಏನೂ ಬರಬೇಕಾಗಿಲ್ಲದ ಗುಂಪೇ ಆಗಿರಬಹುದು. ಈಗಿನ ಶಾಲೆಯಲ್ಲಿ ಅವನನ್ನು ಯಾರಾದರೂ ಪೀಡಿಸುತ್ತಿದ್ದರೆ, ಶಾಲೆಗೆ ಹೇಳಿದರೂ ಅವರು ಕಿವಿಗೆ ಹಾಕಿಕೊಳ್ಳದಿದ್ದರೆ, ಆಗ ಬದಲಾಯಿಸಿ. ಇಬ್ಬರು ಸಿಕ್ಕಿಬಿದ್ದರು ಅನ್ನೋ ಒಂದೇ ಕಾರಣಕ್ಕೆ ಬೇಡ. ಸಿಕ್ಕಿಬಿದ್ದರು ಅಂದರೆ ಅಲ್ಲಿ ಯಾರೋ ನೋಡುತ್ತಿದ್ದಾರೆ ಅಂತಲೂ ಅರ್ಥ ಅಲ್ವಾ.

ಈಗಿನ ಶಾಲೆಯ ಪ್ರಿನ್ಸಿಪಾಲ್‌ರನ್ನು ಗಂಡ-ಹೆಂಡತಿ ಇಬ್ಬರೂ ಹೋಗಿ ಕಾಣಿ. ಆ ಇಬ್ಬರು ಹುಡುಗರು ಈಗ ಎಲ್ಲಿದ್ದಾರೆ, ಅವರ ಜತೆ ಯಾರು ಮಾತಾಡುತ್ತಿದ್ದಾರೆ ಅಂತ ಕೇಳಿ. ಹೆಸರು, ವಿವರ ಕೇಳಬೇಡಿ, ಹೇಳಿದರೆ ಅದೇ ಕೆಟ್ಟ ಲಕ್ಷಣ. ‘ಅವರನ್ನು ಕಿತ್ತು ಹಾಕಿದ್ದೀವಿ, ನೀವು ಚಿಂತೆ ಬಿಡಿ’ ಅನ್ನುತ್ತಾರಾ, ‘ಇಲ್ಲೇ ಇದ್ದಾರೆ, ವಾರಕ್ಕೊಮ್ಮೆ ಒಬ್ಬರ ಹತ್ತಿರ ಕೂರಿಸುತ್ತಿದ್ದೀವಿ’ ಅನ್ನುತ್ತಾರಾ, ಕಿವಿಗೊಟ್ಟು ಕೇಳಿ. ನಿಮ್ಮ ಯಜಮಾನರು ನೋಡಿಟ್ಟ ಶಾಲೆಗೂ ಹೋಗಿ, ಊಟದ ಬಿಡುವಿನಲ್ಲಿ ಹೋಗಿ. ಒಬ್ಬನೇ ಕೂತು ತಿನ್ನುತ್ತಿರುವ ಮಕ್ಕಳು ಎಷ್ಟಿದ್ದಾರೆ, ಯಾರಾದರೂ ಮೇಷ್ಟ್ರು ಅವರ ಪಕ್ಕ ಹೋಗಿ ನಿಲ್ಲುತ್ತಾರಾ ನೋಡಿ.

ಅದಕ್ಕೂ ಮೊದಲು, ಇವತ್ತು ರಾತ್ರಿ ಮಗನನ್ನು ಒಂದು ಪ್ರಶ್ನೆ ಕೇಳಿ. ವೇಪ್ ಸುದ್ದಿ ಎತ್ತಬೇಡಿ. ‘ಶಾಲೆಯಲ್ಲಿ ಏನಾದರೂ ಎಡವಟ್ಟಾದರೆ, ನಮಗೆ ಹೇಳೋಕೆ ಆಗದೇ ಇರುವಂಥದ್ದು, ಅಲ್ಲಿ ಯಾವ ಮೇಷ್ಟ್ರ ಹತ್ತಿರ ಹೋಗ್ತೀಯಾ?’ ಅಂತ ಕೇಳಿ. ತಕ್ಷಣ ಒಂದು ಹೆಸರು ಬಂದರೆ, ಆ ಹೊಸ ಶಾಲೆಯ ಅರ್ಜಿಯನ್ನು ಸದ್ಯಕ್ಕೆ ಡ್ರಾಯರಿನಲ್ಲಿಡಿ. ಬರದಿದ್ದರೆ ಹೊಸ ಶಾಲೆಗೆ ಹೋದಾಗಲೂ ನೀವು ಹುಡುಕಬೇಕಾದ್ದು ಆ ಒಬ್ಬ ಮೇಷ್ಟ್ರನ್ನೇ.